ಗೋಡೆಯ ಕಡೆ ತಿರುಗಿ ನಿಂತ ಮಧ್ಯಾಹ್ನ

ಶ್ರಾವ್ಯಾ, ತನುಷ್, ಇದು ನಿಮ್ಮಿಬ್ಬರಿಗೆ.

ಕಳೆದ ವಾರ ಶ್ರಾವ್ಯಾ ಸೋಫಾದ ಮೇಲೆ ಮಲಗಿಕೊಂಡು, ತಮ್ಮನನ್ನು ತೊಟ್ಟಿಲಿಗೆ ಹಾಕಿದ ದಿನದ ಫೋಟೋಗಳನ್ನು ಮೊಬೈಲಿನಲ್ಲಿ ಸರಿಸುತ್ತಿದ್ದಳು. ಎಲ್ಲ ನೋಡಿ ಮುಗಿಸಿ, "ಅಜ್ಜೀ, ವೈ ಆರ್ ಯೂ ನಾಟ್ ಇನ್ ಎನಿ ಆಫ್ ದೀಸ್?" ಎಂದು ಕೇಳಿದಳು. ಅಡುಗೆಮನೆಯಲ್ಲಿದ್ದೆ ಮಗಾ ಎಂದೆ. ಅದು ಸುಳ್ಳಲ್ಲ. ಆದರೆ ಆ ಹೊತ್ತಿಗೆ ಅಡುಗೆಯೆಲ್ಲ ಮುಗಿದಿತ್ತು, ಪಾತ್ರೆ ಕೂಡ ತೊಳೆದಾಗಿತ್ತು. ಅವಳು ಮತ್ತೆ ಕೇಳಲಿಲ್ಲ. ದುಬೈಯ ಅಲ್ ಮುರಕ್ಕಬಾತ್‌ನ ಈ ಮನೆಯಲ್ಲಿ ನಾನು ಏನು ಹೇಳಿದರೂ ನೀವು ನಂಬುತ್ತೀರಿ, ಅದೇ ನನಗೆ ಕಷ್ಟ.

ನೀವು ನನ್ನನ್ನು ಪೊಲೀಸ್ ಅಜ್ಜಿ ಎಂದು ಕರೆಯುತ್ತೀರಿ. ನೀಲಿ ಅಂಗಿ ಹಾಕಿದ ನನ್ನ ಹಳೆಯ ಫೋಟೋ ಒಂದಿದೆಯಲ್ಲ, ಅದನ್ನು ತೋರಿಸಿ ಶಾಲೆಯಲ್ಲೂ ಹಾಗೇ ಹೇಳಿದ್ದೀರಂತೆ. ನಾನು ಪೊಲೀಸ್ ಅಲ್ಲ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಆಸ್ಪತ್ರೆಯಲ್ಲಿ ಲೇಡಿ ಗಾರ್ಡ್ ಆಗಿದ್ದೆ. ಈ ದೇಶದಲ್ಲಿ ಗಾರ್ಡ್ ಆಗಬೇಕಾದರೆ ಪೊಲೀಸರ ಪರೀಕ್ಷೆ ಪಾಸಾಗಿ ಅವರಿಂದ ಲೈಸನ್ಸ್ ಪಡೆಯಬೇಕು, ಅಷ್ಟೇ ಸಂಬಂಧ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಊರಿಗೆ ಹೋಗಲು ಮನಸ್ಸಾಗದೆ ಆ ಕೆಲಸಕ್ಕೆ ಸೇರಿದೆ. ಏಳನೆಯ ತರಗತಿಯವರೆಗೆ ನಮ್ಮೂರ ಶಾಲೆಯಲ್ಲಿ ಓದಿದವಳು ನಾನು. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಬರೆಯುವುದಾದರೆ ಸ್ವಲ್ಪ ಧೈರ್ಯ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ಹಾಕಿದ್ದು ಹೆರಿಗೆ ವಾರ್ಡಿನ ಬಾಗಿಲಿಗೆ. ಎರಡು ರೆಕ್ಕೆಯ ಗಾಜಿನ ಬಾಗಿಲು. ಅದರ ಪಕ್ಕ ಒಬ್ಬಳು ನಿಲ್ಲಬೇಕು. ಎದುರಿನ ಮೇಜಿನಲ್ಲಿ ಇನ್ನೊಬ್ಬಳು ಕ್ಯಾಮೆರಾದ ಪರದೆ ನೋಡುತ್ತಾ ಕೂರಬೇಕು. ಬಾಗಿಲು ತೆರೆಯುವ ಗುಂಡಿ ಇರುವುದು ಆ ಮೇಜಿನ ಕೆಳಗೆ. ಬಾಗಿಲಲ್ಲಿ ನಿಂತವಳು ಎಲ್ಲ ನೋಡಿ ಸರಿ ಎಂದ ಮೇಲೆಯೇ ಕೂತವಳು ಗುಂಡಿ ಒತ್ತಬೇಕು. ಒಬ್ಬಳೇ ಇದ್ದಾಗ ಯಾವ ಮಗುವೂ ಹೊರಗೆ ಹೋಗುವಂತಿಲ್ಲ. ಮಂತ್ರಿ ಬಂದರೂ ಕಾಯಬೇಕು ಎಂದು ತರಬೇತಿಯ ಮಾಸ್ತರರು ಹೇಳಿದ್ದರು.

ನೋಡುವುದು ಏನನ್ನು ಎಂದರೆ, ಹುಟ್ಟಿದ ಕೂಡಲೇ ಮಗುವಿನ ಕಾಲಿಗೆ ಒಂದು ಪ್ಲಾಸ್ಟಿಕ್ ಪಟ್ಟಿ, ತಾಯಿಯ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಎರಡರಲ್ಲೂ ಒಂದೇ ನಂಬರು. ಮಗುವಿನ ಇನ್ನೊಂದು ಕಾಲಿಗೆ ಗುಂಡಿಯಂಥ ಒಂದು ಟ್ಯಾಗ್ ಇರುತ್ತದೆ. ಆ ಟ್ಯಾಗ್ ಇರುವ ಮಗು ಬಾಗಿಲು ದಾಟಲು ಹೋದರೆ ಅಲಾರಂ ಹೊಡೆಯುತ್ತದೆ. ಮನೆಗೆ ಹೋಗುವ ದಿನ ನರ್ಸ್ ಟ್ಯಾಗ್ ಕತ್ತರಿಸಿ, ನಂಬರು ಬರೆದ ಚೀಟಿ ಕೊಡುತ್ತಾಳೆ. ಬಾಗಿಲಲ್ಲಿ ನಾವು ಮಗುವಿನ ಮುಖದ ಬಟ್ಟೆ ಸರಿಸಿ ನೋಡಬೇಕು, ತಾಯಿಯ ಕೈಪಟ್ಟಿ ಓದಬೇಕು, ಮಗುವಿನ ಕಾಲ್ಪಟ್ಟಿ ಓದಬೇಕು, ಕೊನೆಗೆ ಚೀಟಿ. ಮೊದಲು ಮನುಷ್ಯ, ಆಮೇಲೆ ಕಾಗದ. ಕಾಗದ ಮೊದಲು ನೋಡಿದರೆ ಕಣ್ಣು ಮತ್ತೆ ಮನುಷ್ಯನನ್ನು ನೋಡುವುದಿಲ್ಲ ಎಂದು ಮಾಸ್ತರರು ಎಷ್ಟೋ ಸಲ ಹೇಳಿದ್ದರು. ಇದೆಲ್ಲ ನನಗೆ ಬಾಯಿಪಾಠ ಇತ್ತು.

ನನ್ನ ಜೊತೆಗಾತಿ ಉಗಾಂಡದವಳು. ನನಗಿಂತ ಚಿಕ್ಕವಳು, ನನ್ನ ಎರಡರಷ್ಟು ಎತ್ತರ, ನಕ್ಕರೆ ಕಾರಿಡಾರಿನ ಆಚೆ ತುದಿಗೆ ಕೇಳಬೇಕು. ಇಬ್ಬರು ಮಕ್ಕಳನ್ನು ತಾಯಿಯ ಬಳಿ ಬಿಟ್ಟು ಬಂದವಳು. ಅವಳ ಇಂಗ್ಲಿಷ್ ನನಗೆ ಅರ್ಧ, ನನ್ನ ಹಿಂದಿ ಅವಳಿಗೆ ಅರ್ಧ ಅರ್ಥವಾಗುತ್ತಿತ್ತು. ಅಷ್ಟರಲ್ಲೇ ನಮ್ಮ ಮಾತು ನಡೆಯುತ್ತಿತ್ತು. ನನ್ನನ್ನು ಮಮ್ಮಾ ಎನ್ನುತ್ತಿದ್ದಳು. ನಾನು ಮಾಡಿದ ಬಂಗುಡೆ ಸಾರಿಗೆ ಅವಳು ತನ್ನ ಜೋಳದ ಮುದ್ದೆ ಅದ್ದಿಕೊಂಡು ತಿನ್ನುತ್ತಿದ್ದಳು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಸೇರಿದ ಹೊಸತರಲ್ಲಿ ನಮ್ಮ ಕರಾವಳಿಯ ಕಡೆಯ ಒಬ್ಬ ಹೆಂಗಸು ಮಗಳ ಬಾಣಂತನಕ್ಕೆ ಬಂದಿದ್ದರು. ಬಾಗಿಲಲ್ಲಿ ನನ್ನ ಬ್ಯಾಡ್ಜಿನ ಹೆಸರು ಓದಿ, ತುಳುವಿನಲ್ಲಿ ಮಾತಾಡಿಸಿ, ಯಾವ ಊರು, ಯಾರ ಮನೆ, ಗಂಡ ಎಲ್ಲಿ ಕೆಲಸ ಎಂದು ವಿಚಾರಿಸಿದರು. ಇಲ್ಲ, ತೀರಿಕೊಂಡರು ಎಂದೆ. ಅಯ್ಯೋ ಪಾಪ ಎಂದರು. ಹಾಗೆನ್ನುತ್ತಲೇ, ನಾನು ಸರಿಸಿದ್ದ ಬಟ್ಟೆಯನ್ನು ಮಗುವಿನ ಮುಖದ ಮೇಲೆ ಮೆಲ್ಲಗೆ ಎಳೆದುಕೊಂಡರು. ಕೆಟ್ಟ ಹೆಂಗಸಲ್ಲ. ಹೋಗುವಾಗ ನನಗೆ ಒಂದು ಲಾಡು ಕೊಟ್ಟು ಹೋದರು.

ಅಂದಿನಿಂದ ನಮ್ಮ ಕಡೆಯವರು ಮಗುವನ್ನು ಕರೆದುಕೊಂಡು ಹೊರಟರೆ ನಾನು ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಎಳೆಗೂಸು ಮೊದಲ ಸಲ ಹೊಸ್ತಿಲು ದಾಟುವಾಗ ಎದುರಿಗೆ ನನ್ನಂಥವಳು ಯಾಕೆ ಎಂದುಕೊಂಡು ಮೇಜಿನ ಹಿಂದೆ ಹೋಗುತ್ತಿದ್ದೆ, ಉಗಾಂಡದವಳು ಬಾಗಿಲಿಗೆ ಬರುತ್ತಿದ್ದಳು. ಯೂನಿಫಾರ್ಮಿನಲ್ಲಿ ನಾವು ಯಾರೂ ಕುಂಕುಮ ಇಡುವಂತಿಲ್ಲ, ಸರ ಹಾಕುವಂತಿಲ್ಲ. ಆದ್ದರಿಂದ ನನ್ನನ್ನು ನೋಡಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನನಗೆ ತಿಳಿದಿತ್ತಲ್ಲ, ಸಾಕಾಗಿತ್ತು. ಅವಳಿಗೆ ಇದರ ಕಾರಣ ಹೇಳಿದ್ದೆ. ಅವಳಿಗೆ ಅದು ತಮಾಷೆ. ಕಾರಿಡಾರಿನಲ್ಲಿ ಸೀರೆ ಕಂಡರೆ ಸಾಕು, "ಮಮ್ಮಾ, ನಿನ್ನ ಜನ ಬಂದರು. ಹೋಗು, ಅಡಗಿಕೋ" ಎನ್ನುತ್ತಿದ್ದಳು. ಒಮ್ಮೆ ಮಾತ್ರ ನಗದೆ, "ನನ್ನ ಅಮ್ಮನೂ ವಿಧವೆ. ನಮ್ಮಲ್ಲಿ ಮಗುವನ್ನು ಮೊದಲು ಅವಳ ಕೈಗೇ ಕೊಡುತ್ತೇವೆ" ಎಂದಿದ್ದಳು.

ಆ ದಿನ ಮಧ್ಯಾಹ್ನ ಬಾಗಿಲು ಅವಳ ಪಾಳಿ, ಮೇಜು ನನ್ನದು. ಒಳಗಿನ ಒಂದು ಕೋಣೆಯಲ್ಲಿ ಯಾರೋ ಸಂದರ್ಶಕ, ಸಮಯ ಮೀರಿದರೂ ಹೋಗುವುದಿಲ್ಲ ಎಂದು ನರ್ಸಿನ ಜೊತೆ ಜಗಳಕ್ಕೆ ನಿಂತ. ಅಂಥದ್ದಕ್ಕೆ ನಾನು ಆಗುವುದಿಲ್ಲ. ಅವಳು ನನಗೆ, ಮಮ್ಮಾ ನಾನು ಒಳಗೆ ಹೋಗಿ ಬರುತ್ತೇನೆ, ಬಾಗಿಲು ನಿನ್ನದು ಎಂದು ಹೇಳಿ ಹೋದಳು. ನಾನು ತಲೆ ಆಡಿಸಿದೆ. ಆ ಮಾತನ್ನು ಮರೆಯಬೇಡಿ. ಅವಳು ಹೇಳಿದ್ದಳು, ನಾನು ಒಪ್ಪಿದ್ದೆ.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಒಂದು ಕನ್ನಡದ ಕುಟುಂಬ ಬಂತು. ಮೈಸೂರಿನ ಕಡೆಯ ಮಾತು. ಮಗುವಿನ ತಂದೆ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬರುತ್ತಿದ್ದ. ಅವನ ತಾಯಿ ಮಗುವನ್ನು ಎತ್ತಿಕೊಂಡಿದ್ದರು. ರಾಹುಕಾಲದ ಮೊದಲು ಹೊರಡಬೇಕೆಂದು ಬೆಳಗಿನಿಂದ ನರ್ಸಿನ ಬೆನ್ನು ಬಿದ್ದಿದ್ದವರು ಅವರೇ ಎಂದು ಆಮೇಲೆ ತಿಳಿಯಿತು.

"ಅಮ್ಮಾ, ನೀನು ನೋಡಿರೋದು ಇಂಡಿಯಾ ಟೈಮು. ಇಲ್ಲಿ ಇನ್ನೂ ಒಂದೂವರೆ ಗಂಟೆ ಇದೆ" ಎಂದು ಮಗ ಹೇಳುತ್ತಿದ್ದ.

"ರಾಹುಗೆ ಇಂಡಿಯಾ ಯಾವ್ದು ದುಬೈ ಯಾವ್ದು. ನಡಿಯೋ ಸುಮ್ನೆ" ಎಂದರು ತಾಯಿ.

 ಗಳಿಗೆ ನೋಡಿ ಹೊರಡುವವರು. ಇವರ ಎದುರಿಗೆ ನಾನು ಹೋಗಿ ಮಗುವಿನ ಮುಖದ ಬಟ್ಟೆ ಸರಿಸಬೇಕು. ನಿಯಮದಂತೆ, ಜೊತೆಗಾತಿ ಬರುವವರೆಗೆ ಕುಳಿತುಕೊಳ್ಳಿ ಎಂದಿದ್ದರೆ ಮುಗಿಯುತ್ತಿತ್ತು. ಹಾಗೆ ಕಾಯಿಸಿದರೆ ಅವರು ಅಷ್ಟು ಹೊತ್ತು ನನ್ನ ಮುಖ ನೋಡಿಕೊಂಡು ಕೂರಬೇಕಲ್ಲ, ಬ್ಯಾಡ್ಜಿನ ಹೆಸರು ಓದಿ ಊರು ಕೇಳುತ್ತಾರಲ್ಲ ಎಂದು ಅದೂ ಬೇಡವಾಯಿತು. ತಂದೆ ಮೇಜಿನ ಮೇಲೆ ಚೀಟಿ ಇಟ್ಟ. ಅದರ ನಂಬರನ್ನು ಕಂಪ್ಯೂಟರಿನಲ್ಲಿ ನೋಡಿದೆ, ಸರಿ ಇತ್ತು. ಟ್ಯಾಗ್ ಕತ್ತರಿಸಿದ್ದರಿಂದ ಅಲಾರಂ ಹೊಡೆಯಲಿಲ್ಲ. ನಾನು ಎದ್ದು, ಹಿಂದಿನ ಗೋಡೆಯ ಕೀಲಿಗಳ ಪೆಟ್ಟಿಗೆಯಲ್ಲಿ ಏನೋ ಹುಡುಕುವವಳ ಹಾಗೆ ಆ ಕಡೆ ತಿರುಗಿದೆ. ಎಡಗೈ ಹಿಂದಕ್ಕೆ ಚಾಚಿ ಗುಂಡಿ ಒತ್ತಿದೆ. ಓರೆಗಣ್ಣಿಗೆ ಕಂಡಿದ್ದು ಕಾಲುಚೀಲದ ಮೇಲೆ ಚಪ್ಪಲಿ ಹಾಕಿದ ಎರಡು ಕಾಲು, ಅಷ್ಟೆ. ಆ ಕಾಲು ಒಂದು ಕ್ಷಣ ನಿಂತ ಹಾಗಾಯಿತು. ಆಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

ಅವರು ಕೋಣೆಯಿಂದ ಹೊರಟದ್ದನ್ನು ಒಳಗೆ ನೋಡಿದ್ದ ಉಗಾಂಡದವಳು ವಾಪಸು ಬಂದಾಗ, ನಿನ್ನ ಜನ ಹೋದರಾ ಎಂದು ಕೇಳಿದಳು. ಹೋದರು ಎಂದೆ. ಅವಳು ಬಾಗಿಲಿಗೆ ಹೋಗಿ ನಿಂತಳು.

ಆಮೇಲೆ ಒಳಗಿನಿಂದ ಒಬ್ಬ ತಾಯಿ ನಡೆದುಕೊಂಡು ಬಂದಳು. ಆಂಧ್ರದ ಕಡೆಯವಳು, ಹಿಂದಿನ ದಿನ ಹೆತ್ತವಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಒಂದು ಕೈಯಲ್ಲಿ ಮಗು, ಅದರ ಪುಟ್ಟ ಕಾಲನ್ನು ಇನ್ನೊಂದು ಕೈಯಲ್ಲಿ ಹಿಡಿದು ತನ್ನ ಕೈಪಟ್ಟಿಯ ಪಕ್ಕಕ್ಕೆ ತಂದಿದ್ದಳು. ಕೂಗಲಿಲ್ಲ, ಅಳಲಿಲ್ಲ. ಹಿಂದಿಯಲ್ಲಿ, "ಸಿಸ್ಟರ್, ಓದಿ. ನನಗೆ ತಪ್ಪು ಕಾಣಿಸುತ್ತಿರಬಹುದು" ಎಂದಳು.

ಉಗಾಂಡದವಳು ಬಗ್ಗಿ ಗಟ್ಟಿಯಾಗಿ ಎರಡೂ ನಂಬರು ಓದಿದಳು. ಬೇರೆ ಬೇರೆ. ಮಗುವಿನ ಕಾಲಿನ ನಂಬರು ನಾನು ಆಗಷ್ಟೇ ಕಂಪ್ಯೂಟರಿನಲ್ಲಿ ನೋಡಿದ್ದ ನಂಬರು. ಮೈಸೂರಿನವರ ಮಗು ಇಲ್ಲೇ ಇತ್ತು. ಈ ತಾಯಿಯ ಮಗು ಹೋಗಿತ್ತು.

ಸ್ನಾನ ಮಾಡಿಸಿದ ಆಯಾ ಎರಡು ಹೆಣ್ಣುಕೂಸುಗಳನ್ನು ಒಂದೇ ಬಗೆಯ ಬಟ್ಟೆಯಲ್ಲಿ ಸುತ್ತಿ, ಇದರ ತೊಟ್ಟಿಲಿಗೆ ಅದನ್ನು, ಅದರ ತೊಟ್ಟಿಲಿಗೆ ಇದನ್ನು ಮಲಗಿಸಿದ್ದಳು. ಅವಸರದಲ್ಲಿ ನರ್ಸ್ ಪಟ್ಟಿ ಓದದೆ ಟ್ಯಾಗ್ ಕತ್ತರಿಸಿದ್ದಳು. ಅವರಿಬ್ಬರದೂ ತಪ್ಪೇ. ಆದರೆ ಮನುಷ್ಯರ ಕೈ ತಪ್ಪುತ್ತದೆ ಎಂದೇ ಬಾಗಿಲಲ್ಲಿ ನಮ್ಮನ್ನು ಇಟ್ಟಿದ್ದು.

ಆಮೇಲಿನದ್ದು ನಾವು ಎಷ್ಟೋ ಸಲ ಅಭ್ಯಾಸ ಮಾಡಿದ್ದದ್ದೇ. ಮೇಜಿನ ಕೆಂಪು ಫೋನ್ ಎತ್ತಿ ಹೇಳಬೇಕಾದ ಮಾತು ಹೇಳಿದೆ. ಲಿಫ್ಟುಗಳು ನಿಂತವು, ಮೆಟ್ಟಿಲ ಬಾಗಿಲುಗಳಿಗೆ ಬೀಗ ಬಿತ್ತು, ಪಾರ್ಕಿಂಗಿನ ಗೇಟು ಮುಚ್ಚಿತು. ಅಷ್ಟರಲ್ಲಿ ಆ ಕಾರು ಗೇಟು ದಾಟಿ ಹೋಗಿತ್ತು. ತಂದೆಯ ಮೊಬೈಲು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಮನೆ ದುಬೈಯಲ್ಲಿ. ಪೊಲೀಸರು ಬಂದು ಕ್ಯಾಮೆರಾದಿಂದ ಕಾರಿನ ನಂಬರು ತೆಗೆದು ಹೆದ್ದಾರಿಯ ಗಸ್ತಿಗೆ ಕೊಟ್ಟರು.

ಕಾಯುವ ಹೊತ್ತಿನಲ್ಲಿ ಆ ತಾಯಿ ಕೋಣೆಗೆ ಹೋಗಲು ಒಪ್ಪಲಿಲ್ಲ. ಬಾಗಿಲು ಕಾಣುವ ಹಾಗೆ ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲೇ ಕೂತಳು. ಮಡಿಲಲ್ಲಿದ್ದ ಮಗುವನ್ನು ಯಾರಿಗೂ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಅಳತೊಡಗಿತು. ನರ್ಸ್ ಬಾಟಲಿ ತರಲು ಓಡಿದಳು. ಅವಳು ಬಾಗಿಲನ್ನೇ ನೋಡುತ್ತಾ, ಸೆರಗು ಮುಚ್ಚಿಕೊಂಡು, ಆ ಮಗುವನ್ನು ಎದೆಗೆ ಹಾಕಿಕೊಂಡಳು. ಅದು ಸುಮ್ಮನಾಯಿತು. ನನ್ನ ಹತ್ತಿರ ನೀರು ಕೇಳಿದಳು. ಲೋಟ ಕೊಡುವಾಗ ನನ್ನ ಕೈ ಅವಳ ಕೈಗೆ ತಾಗಿತು. ನನ್ನ ಮಗು ಎಲ್ಲಿ ಹಸಿದಿದೆಯೋ ಎಂದಳು. ನಾನು ಖಾಲಿ ಲೋಟಕ್ಕೆ ಮತ್ತೆ ನೀರು ತುಂಬಿಸಿ ತಂದೆ.

ಹೆದ್ದಾರಿಯ ಒಂದು ಪೆಟ್ರೋಲ್ ಪಂಪಿನಲ್ಲಿ ಕಾರು ಸಿಕ್ಕಿತು. ಪೊಲೀಸರು ಮುಂದೆ, ಅವರು ಹಿಂದೆ, ಸಂಜೆಯ ಹೊತ್ತಿಗೆ ವಾಪಸು ಬಂದರು. ಡಾಕ್ಟರು, ನರ್ಸುಗಳು, ಪೊಲೀಸರು ಎಲ್ಲರ ಎದುರಿಗೆ ಪಟ್ಟಿ ಓದಿ ಮಕ್ಕಳನ್ನು ಅವರವರ ತಾಯಂದಿರಿಗೆ ಕೊಟ್ಟರು. ಎರಡೂ ಮಕ್ಕಳಿಗೆ ಏನೂ ಆಗಿರಲಿಲ್ಲ. ಆ ಕೋಣೆಗೆ ನಾನು ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ.

ಮರುದಿನ ಸೂಪರ್‌ವೈಸರ್ ಕರೆದರು. ಮಲಯಾಳಿ, ಸೈನ್ಯದಲ್ಲಿ ಇದ್ದು ಬಂದವರು, ಜೋರು ಮಾಡುವವರಲ್ಲ. ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ಪಾಳಿಯ ಪ್ರಕಾರ ಬಾಗಿಲಲ್ಲಿ ಇರಬೇಕಾದವಳು ಉಗಾಂಡದವಳು, ಕ್ಯಾಮೆರಾದಲ್ಲಿ ಬಾಗಿಲು ಖಾಲಿ ಕಾಣುತ್ತದೆ, ಏನು ಹೇಳುತ್ತೀ ಎಂದು ಅವಳನ್ನು ಕೇಳಿದರು. ಒಳಗೆ ಜಗಳ ಇತ್ತು, ಮಮ್ಮಾನಿಗೆ ವಹಿಸಿ ಹೋದೆ ಎಂದಳು.

ಅವರು ನನ್ನ ಕಡೆ ತಿರುಗಿದರು. "ಬಾಗಿಲು ನಿಮಗೆ ವಹಿಸಿದ್ದಳಾ?"

ನಾನು ನೆಲ ನೋಡಿದೆ. ಇಲ್ಲ ಎನ್ನಲಿಲ್ಲ. ಹೌದು ಎನ್ನಲೂ ಇಲ್ಲ. ಹೌದು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಮತ್ತೆ ಯಾಕೆ ಬಾಗಿಲಿಗೆ ಹೋಗಲಿಲ್ಲ ಎಂದು. ಅದಕ್ಕೆ ಉತ್ತರ ಹೇಳಲು ಬಾಯಿ ಇರಲಿಲ್ಲ. ನಾನು ವಿಧವೆ, ಅದಕ್ಕೆ ಹೋಗಲಿಲ್ಲ ಎಂದು ಆ ಮನುಷ್ಯನ ಎದುರಿಗೆ ಹೇಗೆ ಹೇಳಲಿ.  ಅವರು ನನ್ನ ಸುಮ್ಮನಿರುವಿಕೆಯನ್ನು ತಮಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡು, ಖಲಾಸ್ ಎಂದರು. ಪೊಲೀಸರ ಹೇಳಿಕೆ ಮುಗಿದ ಮೇಲೆ ಅವಳ ಲೈಸನ್ಸ್ ರದ್ದಾಗುತ್ತದೆ, ಕಂಪನಿ ಟಿಕೆಟ್ ಕೊಟ್ಟು ಊರಿಗೆ ಕಳಿಸುತ್ತದೆ, ಗುಂಡಿ ಒತ್ತಿದ ನನಗೆ ಒಂದು ಎಚ್ಚರಿಕೆ ಪತ್ರ ಮಾತ್ರ ಎಂದು ತಿಳಿಸಿದರು.

ಕಂಪನಿಯ ಬಸ್ಸಿನಲ್ಲಿ, ಗಾರ್ಡುಗಳೆಲ್ಲ ವಾಸವಿದ್ದ ಕ್ಯಾಂಪಿಗೆ ವಾಪಸು ಹೋಗುವಾಗ ಅವಳು ಎಂದಿನಂತೆ ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟಳು. ಅದೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.  ಇಳಿಯುವ ಮೊದಲು, "ಮಮ್ಮಾ, ನಿನಗೆ ನಿನ್ನ ಜನರ ಮುಂದೆ ಅಡಗಬೇಕಿತ್ತು, ನಾನು ಬಾಗಿಲಿಗೆ ಹೋಗುತ್ತಿದ್ದೆ. ಇವತ್ತು ನನ್ನ ಹಿಂದೆಯೂ ಅಡಗಿದೆಯಲ್ಲ" ಎಂದಳು.

ಸಂಜೆ ಬಂಗುಡೆ ಸಾರು ಮಾಡಿದೆ. ಅವಳು ಬರಲಿಲ್ಲ. ಮಂಚದ ಕೆಳಗಿನಿಂದ ಅವಳ ಸೂಟ್‌ಕೇಸು ಎಳೆಯುವ ಸದ್ದು ಪಕ್ಕದ ಕೋಣೆಯಿಂದ ಕೇಳಿಸುತ್ತಿತ್ತು. ನಿಮ್ಮ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳೋಣ ಎಂದುಕೊಂಡೆ. ಅವಳು ಶ್ರಾವ್ಯಾಳಿಗೆ ಊಟ ಮಾಡಿಸುತ್ತಿದ್ದಳು. ಆರಾಮಾ ಅಮ್ಮಾ ಎಂದಳು, ಆರಾಮ ಎಂದೆ.

ಪೊಲೀಸ್ ಸ್ಟೇಷನ್ನಿಗೆ ನಮ್ಮಿಬ್ಬರನ್ನೂ ಒಂದೇ ದಿನ ಕರೆದಿದ್ದರು. ತಣ್ಣಗಿನ ಕಾರಿಡಾರು, ಸಾಲು ಕುರ್ಚಿ, ಮೂಲೆಯಲ್ಲಿ ಖರ್ಜೂರದ ತಟ್ಟೆ. ಮೊದಲು ನನ್ನನ್ನು ಒಳಗೆ ಕರೆದರು. ಹೇಳಿಕೆ ಬರೆದುಕೊಳ್ಳುವವರು ಈ ದೇಶದ ಒಬ್ಬ ಹೆಂಗಸು, ನಿಮ್ಮ ಅಮ್ಮನ ಪ್ರಾಯ. ಮನೆಗೆಲಸದವರಿಂದ ಕಲಿತ ಹಿಂದಿ ಎಂದು ಅವರೇ ನಕ್ಕು ಹೇಳಿದರು. ನನ್ನನ್ನು ಚಿಕ್ಕಮ್ಮ ಎನ್ನುವ ಹಾಗೆ ಖಾಲಾ ಎಂದು ಕರೆದರು.

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಆ ಮಧ್ಯಾಹ್ನದ ಚಿತ್ರ ತೋರಿಸಿದರು. ಶ್ರಾವ್ಯಾ, ತನುಷ್, ನನ್ನನ್ನು ನಾನು ಹಿಂದಿನಿಂದ ನೋಡಿದ್ದು ಅದೇ ಮೊದಲು. ಒಂದು ಕುಟುಂಬ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ನಿಂತಿದೆ. ಯೂನಿಫಾರ್ಮ್ ಹಾಕಿದ ಒಬ್ಬ ಹೆಂಗಸು ಅವರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಕೈಯೊಂದನ್ನು ಹಿಂದೆ ಚಾಚಿಕೊಂಡು ನಿಂತಿದ್ದಾಳೆ. ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಮಗುವಿನ ಹಾಗೆ ಕಾಣುತ್ತಿದ್ದೆ.

"ಖಾಲಾ, ಬಾಗಿಲು ಯಾರದು ಎಂದು ಆಮೇಲೆ ಕೇಳುತ್ತೇನೆ. ಮೊದಲು ಇದು ಹೇಳಿ. ನೀವು ಗೋಡೆ ಯಾಕೆ ನೋಡುತ್ತಿದ್ದಿರಿ?"

ಕೀಲಿ ಹುಡುಕುತ್ತಿದ್ದೆ ಎಂದು ಹೇಳಬಹುದಿತ್ತು. ಆ ಮಾತು ಬಾಯಿಗೆ ಬಂದೂ ಇತ್ತು. ಹಾಗೆಂದರೆ ಅವರು ಬರೆದುಕೊಳ್ಳುತ್ತಿದ್ದರು, ನಾನು ಎದ್ದು ಹೋಗುತ್ತಿದ್ದೆ, ಹೊರಗೆ ಕೂತವಳು ಒಳಗೆ ಬರುತ್ತಿದ್ದಳು. ಪರದೆಯ ಮೇಲಿನ ಬೆನ್ನು ಮಾತ್ರ ಹಾಗೆಯೇ ನಿಂತಿತ್ತು. ಅದನ್ನು ನೋಡುತ್ತಾ ನಾನು, ಬಾಗಿಲು ನನ್ನದೇ ಎಂದೆ. ಅವಳು ವಹಿಸಿ ಹೋಗಿದ್ದಳು, ನಾನು ತಲೆ ಆಡಿಸಿದ್ದೆ ಎಂದೆ. ಸೂಪರ್‌ವೈಸರ್ ಕೇಳಿದಾಗ ಸುಮ್ಮನಿದ್ದದ್ದನ್ನೂ ಹೇಳಿದೆ. ಗೋಡೆ ನೋಡಿದ್ದು ಯಾಕೆ ಎಂಬುದನ್ನು ನನ್ನ ಮುರುಕು ಹಿಂದಿಯಲ್ಲಿ ಬಿಡಿಸಿ ಹೇಳಲು ಬಹಳ ಹೊತ್ತು ಹಿಡಿಯಿತು. 

ಎಲ್ಲ ಕೇಳಿ ಅವರು, ತಮ್ಮಲ್ಲಿ ಗಂಡ ತೀರಿಕೊಂಡರೆ ಹೆಂಗಸು ನಾಲ್ಕು ತಿಂಗಳು ಚಿಲ್ಲರೆ ಮನೆಯೊಳಗೆ ಇರುತ್ತಾಳೆ, ಅಲಂಕಾರ ಮಾಡಿಕೊಳ್ಳುವುದಿಲ್ಲ, ಅದು ಮುಗಿದ ಮೇಲೆ ಎಲ್ಲರಂತೆ ಹೊರಗೆ ಬರುತ್ತಾಳೆ ಎಂದರು. ಆಮೇಲೆ ಕೇಳಿದರು, "ನಿಮ್ಮಲ್ಲಿ ಎಷ್ಟು ದಿನಕ್ಕೆ ಮುಗಿಯುತ್ತದೆ?"

"ಮುಗಿಯುವುದಿಲ್ಲ" ಎಂದೆ.

  ಅವರು ಕೀಬೋರ್ಡ್ ಎಳೆದುಕೊಂಡು ಬರೆಯತೊಡಗಿದರು. ಅರಬಿಯಲ್ಲಿ ನನ್ನ ಆ ಮಾತು ಹೇಗೆ ಕಾಣುತ್ತದೋ ನನಗೆ ಗೊತ್ತಿಲ್ಲ. ಕೆಳಗೆ ನನ್ನ ಹೆಸರನ್ನು ಕನ್ನಡದಲ್ಲೇ ಬರೆದೆ.

ಹೊರಗೆ ಬಂದಾಗ ಉಗಾಂಡದವಳು ಎದ್ದು ನಿಂತಳು. ಹೇಳಿದೆ ಎಂದೆ. ಅವಳು ಒಳಗೆ ಹೋದಳು. ಅವಳ ಕುರ್ಚಿಯ ಆಚೆ ಒಬ್ಬ ಹಿರಿಯ ಹೆಂಗಸು ಕೂತಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಅವರ ಕಾಲಿಗೆ. ಕಾಲುಚೀಲ, ಅದರ ಮೇಲೆ ಚಪ್ಪಲಿ. ಮಗನೂ ಸೊಸೆಯೂ ಬೇರೆ ಕೋಣೆಯಲ್ಲಿ ಹೇಳಿಕೆ ಕೊಡುತ್ತಿದ್ದರು, ಇವರು ಹೊರಗೆ ಕಾಯುತ್ತಿದ್ದರು. ನಾನು ತಲೆ ತಗ್ಗಿಸಿ ದಾಟಿ ಹೋಗಲು ನೋಡಿದೆ.

"ನೀವು ಕನ್ನಡದೋರಲ್ವಾ?" ಎಂದರು. "ಬನ್ನಿ, ಕೂತ್ಕೊಳ್ಳಿ. ಒಂದು ಮಾತು ಕೇಳ್ಬೇಕು."

ಕೂತೆ. ಬೈಯುತ್ತಾರೆ, ಬೈಯಲಿ ಎಂದುಕೊಂಡೆ.

"ಅವತ್ತು ಬ್ಯಾಡ್ಜಲ್ಲಿ ನಮ್ಮ ಕಡೆ ಹೆಸರು ಕಂಡು ಖುಷಿ ಆಗಿತ್ತು ನಂಗೆ. ಮಾತಾಡ್ಸೋಣ ಅಂತ ನಿಂತೆ. ನೀವು ಆ ಕಡೆ ತಿರುಗಿಬಿಟ್ರಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಹಣೆ ನೋಡಿ ತಾನೇ?"

ಆಗ ನಾನು ಅವರ ಮುಖ ನೋಡಿದೆ. ಹಣೆ ಬರಿದಾಗಿತ್ತು. ಕತ್ತಿನಲ್ಲಿ ಒಂದು ತುಳಸಿಮಣಿ ಸರ, ಬೇರೆ ಏನೂ ಇಲ್ಲ.

"ನಮ್ಮೆಜಮಾನ್ರು ಹೋಗಿ ಬಹಳ ವರ್ಷ ಆಯ್ತು. ಮಗೂನ ನಾನು ಎತ್ಕೊಂಡು ಹೊರಡ್ಬಾರ್ದು ಅಂತಾನೇ ಇದ್ದೆ. ಸೊಸೇನೇ ಹಟ ಮಾಡಿದ್ಲು, ನೀವೇ ಎತ್ಕೊಂಡು ಹೊಸ್ತಿಲು ದಾಟ್ಬೇಕು ಅತ್ತೆ ಅಂತ. ನೀವು ಹಂಗೆ ತಿರುಗಿದ್ಮೇಲೆ ಕಾರಲ್ಲಿ ಅವಳ ಕೈಗೆ ಕೊಟ್ಬಿಟ್ಟೆ. ಆಮೇಲೆ ಈ ಅದಲುಬದಲು ಬೇರೆ ಆಯ್ತಲ್ಲ. ನನ್ನಿಂದಾನೇ ಅಂದ್ಕೊಂಡು ಇವತ್ತಿನವರೆಗೂ ಆ ಕೂಸನ್ನ ಮುಟ್ಟಿಲ್ಲ."

ಮಕ್ಕಳೇ, ನನ್ನ ಬದುಕಿನಲ್ಲಿ ಆ ಕುರ್ಚಿಯಲ್ಲಿ ಕೂತಷ್ಟು ಸಣ್ಣವಳಾಗಿ ನಾನು ಎಲ್ಲೂ ಕೂತಿಲ್ಲ. ಕೆಲಸ ಹೋಗುತ್ತದೆ ಎಂದು ತಿಳಿದಾಗಲೂ ಅಷ್ಟು ಆಗಿರಲಿಲ್ಲ. ಒಮ್ಮೆ ನನ್ನ ಎದುರಿಗೆ ಮಗುವಿನ ಮೇಲೆ ಬಟ್ಟೆ ಎಳೆದುಕೊಂಡ ಆ ಲಾಡಿನ ಹೆಂಗಸಿಗಿಂತ ಕೆಟ್ಟದ್ದನ್ನು ನಾನು ಮಾಡಿದ್ದೆ, ಅದೂ ನನ್ನಂಥವರಿಗೇ. ಮುಖ ನೋಡುವುದೇ ನನ್ನ ಕೆಲಸ. ನೋಡಿದ್ದರೆ ಮಗುವಿನ ಪಟ್ಟಿಯೂ ಕಾಣುತ್ತಿತ್ತು, ಇವರ ಹಣೆಯೂ ಕಾಣುತ್ತಿತ್ತು.

"ಅಮ್ಮಾ, ನಾನು ನಿಮ್ಮನ್ನು ನೋಡಿಯೇ ಇಲ್ಲ" ಎಂದೆ. "ನನ್ನ ಮುಖ ನಿಮ್ಮ ಮಗುವಿಗೆ ಕಾಣಬಾರದು ಅಂತ ತಿರುಗಿದ್ದು. ನನ್ನ ಯಜಮಾನರೂ ಇಲ್ಲ."

 ಅವರು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಾರೆ ಎಂದುಕೊಂಡೆ. ನಗುತ್ತಿದ್ದರು. "ಚೆನ್ನಾಗಿದ್ದೀವಿ ಬಿಡಿ ಇಬ್ರೂ" ಎಂದರು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಸೊಸೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಅವರು ಎದ್ದು ಎರಡೂ ಕೈ ಚಾಚಿದರು. ಸೊಸೆ ಒಂದು ಕ್ಷಣ ಬೆರಗಾಗಿ ನೋಡಿ ಮಗುವನ್ನು ಕೊಟ್ಟಳು. ಅವರು ಅದನ್ನು ನನ್ನ ಹತ್ತಿರ ತಂದರು.

"ಅವತ್ತು ನೋಡ್ಲಿಲ್ವಲ್ಲ. ಈಗ ನೋಡಿ."

ನಾನು ಬಟ್ಟೆ ಸರಿಸಿದೆ. ಮಗು ನಿದ್ದೆಯಲ್ಲಿತ್ತು, ಮೇಲ್ತುಟಿಯಲ್ಲಿ ಹಾಲಿನ ಗುಳ್ಳೆ. ಕಾಲಿನ ಪಟ್ಟಿಯನ್ನು ಅವರು ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಲು ಹೆದರಿಕೆ ಎಂದಳು ಸೊಸೆ. ತನ್ನ ಕೈಪಟ್ಟಿಯನ್ನೂ ಬಿಚ್ಚದೆ ಉಳಿಸಿಕೊಂಡಿದ್ದಳು. ನಾನು ಅವಳ ಕೈಯಿಂದ ನಂಬರು ಓದಿದೆ, ಮಗುವಿನ ಕಾಲಿನಿಂದ ಓದಿದೆ. ಗಟ್ಟಿಯಾಗಿಯೇ ಓದಿದೆ. ಸರಿ ಇದೆ ಎಂದೆ.

ಆಮೇಲೆ ಏನಾಯಿತು ಎಂದು ಹೇಳಿಬಿಡುತ್ತೇನೆ. ಉಗಾಂಡದವಳ ಲೈಸನ್ಸ್ ಉಳಿಯಿತು, ಅವಳನ್ನು ಬೇರೆ ಕಟ್ಟಡಕ್ಕೆ ಹಾಕಿದರು. ನನ್ನ ಲೈಸನ್ಸ್ ಹೋಯಿತು, ಅದು ಸರಿಯೇ. ನಾನು ಹೊರಡುವ ದಿನ ಅವಳು ಬಂದು ನನ್ನ ಬಂಗುಡೆ ಸಾರು ತಿಂದಳು. ಮೊದಲಿನಷ್ಟು ಮಾತಾಡಲಿಲ್ಲ. ಮಮ್ಮಾ ಎಂದು ಕರೆದಳು, ಅಷ್ಟು ಸಾಕು ಎಂದುಕೊಂಡೆ. ನಾನು ನಿಮ್ಮ ಮನೆಗೆ ಬಂದೆ. ಯಾಕೆ ಬಂದೆ ಎಂದು ನಿಮ್ಮ ಅಮ್ಮನಿಗೂ ಪೂರ್ತಿ ಹೇಳಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅಜ್ಜಿಗೆ ಬುದ್ಧಿ ಬಂತು ಎಂದುಕೊಳ್ಳುತ್ತೀರಿ. ಮರುವರ್ಷ ತನುಷ್ ಹುಟ್ಟಿದ. ತೊಟ್ಟಿಲ ಶಾಸ್ತ್ರಕ್ಕೆ ಈ ಮನೆಯ ಹಾಲ್‌ನಲ್ಲಿ ಹೆಂಗಸರು ಸೇರಿದರು, ಮಗುವನ್ನು ತೊಟ್ಟಿಲ ಕೆಳಗಿನಿಂದ ಮೇಲಿನಿಂದ ಕೈಯಿಂದ ಕೈಗೆ ದಾಟಿಸುವ ಹೊತ್ತಾಯಿತು. ನಿಮ್ಮ ಅಮ್ಮ, ಅಮ್ಮಾ ಬಾ ಎಂದು ಕರೆದಳು. ಎಲ್ಲ ತಿಳಿದ ಮೇಲೂ, ಪೊಲೀಸರ ಎದುರಿಗೆ ಎಲ್ಲ ಹೇಳಿ ಬಂದ ಮೇಲೂ, ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಕ್ಯಾಮೆರಾ ಇದ್ದಿದ್ದರೆ ಅದೇ ಬೆನ್ನು ಕಾಣುತ್ತಿತ್ತು.

ಶ್ರಾವ್ಯಾ, ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು. ನೀವಿಬ್ಬರೂ ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತೀರಿ, ಇಷ್ಟುದ್ದ ಈಗ ಓದಲಾಗದು. ಅಮ್ಮನಿಂದ ಓದಿಸಬೇಡಿ. ನೀವೇ ಓದುವಷ್ಟು ಆಗುವವರೆಗೆ ಈ ಹಾಳೆಗಳನ್ನು ನಿಮ್ಮ ಪಾಸ್‌ಪೋರ್ಟುಗಳಿರುವ ಕವರಿನಲ್ಲಿ ಇಟ್ಟುಕೊಳ್ಳಿ, ಮನೆ ಬದಲಾಯಿಸುವಾಗ ಆ ಕವರನ್ನು ಮಾತ್ರ ಯಾರೂ ಬಿಟ್ಟು ಹೋಗುವುದಿಲ್ಲ. ಮುಂದೆ ನಿಮ್ಮ ಮನೆಯಲ್ಲಿ ಮಗುವೊಂದು ಹೊಸ್ತಿಲು ದಾಟುವ ದಿನ ನಾನು ಎಲ್ಲಾದರೂ ಗೋಡೆಯ ಕಡೆ ತಿರುಗಿ ನಿಂತಿದ್ದರೆ, ಇದನ್ನು ತೆಗೆದು ನನ್ನ ಕೈಗೆ ಕೊಡಿ.